ಹಾಡುತ್ತ ಬರುವ ಕೇಡು

ಚಳಿಗಾಲದ ರಾತ್ರಿ ಸ್ಯಾನ್ ಹೊಸೆಯ ನಮ್ಮ ಮನೆಯಲ್ಲಿ ದೀಪ ಆರಿಸಿ ‘ದ ನೈಟ್ ಆಫ್ ದ ಹಂಟರ್’ ನೋಡುವುದು ನನಗೆ ಹಬ್ಬ. 1955ರ ಕಪ್ಪು-ಬಿಳುಪು ಚಿತ್ರ. ಗಲ್ಲಿಗೇರಿದ ಕೈದಿಯೊಬ್ಬ ಬಚ್ಚಿಟ್ಟ 10,000 ಡಾಲರ್‌ಗಾಗಿ ಪಾದ್ರಿಯೊಬ್ಬ ಅವನ ವಿಧವೆಯನ್ನು ಮದುವೆಯಾಗಿ, ಕೊಂದು, ಮಕ್ಕಳ ಬೆನ್ನು ಹತ್ತುತ್ತಾನೆ. ದುಡ್ಡಿರುವುದು ಪುಟ್ಟ ಹುಡುಗಿಯ ಗೊಂಬೆಯ ಹೊಟ್ಟೆಯಲ್ಲಿ.

ರಾಬರ್ಟ್ ಮಿಚಮ್‌ನ ಆ ಪಾದ್ರಿ ಅಬ್ಬರಿಸಿಕೊಂಡು ಬರುವವನಲ್ಲ, ಭಜನೆ ಹಾಡಿಕೊಂಡು ಬರುತ್ತಾನೆ. ಚಿಕ್ಕಂದಿನಲ್ಲಿ ಬಯಲಾಟದ ‘ಪಂಚವಟಿ’ಯಲ್ಲಿ ಅಜ್ಜಿಯ ಸೆರಗು ಬಿಗಿಯಾಗಿ ಹಿಡಿದದ್ದು ರಾವಣ ಕಿರೀಟ ತೊಟ್ಟು ಕುಣಿದಾಗಲ್ಲ, ಕಾವಿಯುಟ್ಟು ಭಿಕ್ಷೆಗೆ ನಿಂತಾಗ. ಮಿಚಮ್‌ನನ್ನು ನೋಡಿದಾಗಲೆಲ್ಲ ಆ ಸೆರಗು ಕೈಗೆ ಬರುತ್ತದೆ.

ಮಕ್ಕಳು ದೋಣಿಯಲ್ಲಿ ತಪ್ಪಿಸಿಕೊಳ್ಳುವ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ದಡದಲ್ಲಿ ಕಪ್ಪೆ, ಮೊಲ, ಜೇಡರ ಬಲೆ, ನದಿಯೇ ತೊಟ್ಟಿಲು. ಕೊಟ್ಟಿಗೆಯ ಅಟ್ಟದಲ್ಲಿ ಹುಡುಗ ಎಚ್ಚರಗೊಂಡರೆ ದೂರದ ದಿಗಂತದಲ್ಲಿ ಕುದುರೆ ಸವಾರನ ನೆರಳು, ಅದೇ ಹಾಡು. ಇವನಿಗೆ ನಿದ್ದೆಯೇ ಇಲ್ಲವೇ ಎಂದು ಹುಡುಗ ಕೇಳಿಕೊಳ್ಳುತ್ತಾನೆ. ಆ ದೂರ ಬರಿಯ ಕಣ್ಕಟ್ಟು: ಪುಟ್ಟ ಕುದುರೆಯ ಮೇಲೆ ಕುಳ್ಳನೆಯವರೊಬ್ಬರನ್ನು ಕೂರಿಸಿ ಛಾಯಾಗ್ರಾಹಕ ಸ್ಟ್ಯಾನ್ಲಿ ಕಾರ್ಟೆಜ್ ಅದನ್ನು ಸಾಧಿಸಿದ. ಗುಟ್ಟು ತಿಳಿದ ಮೇಲೂ ನನ್ನ ಎದೆ ಝಲ್ಲೆನ್ನುತ್ತದೆ.

ನಟ ಚಾರ್ಲ್ಸ್ ಲಾಟನ್ ನಿರ್ದೇಶಿಸಿದ ಚಿತ್ರ ಇದೊಂದೇ. ಆಗ ಜನ ಒಪ್ಪಲಿಲ್ಲ; ಇಂಥ ಕಣ್ಣಿದ್ದವನು ಮತ್ತೊಂದನ್ನು ಮಾಡದೆ 1962ರಲ್ಲಿ ತೀರಿಕೊಂಡದ್ದು ನನಗೆ ಇಂದಿಗೂ ಸಂಕಟ. ಮೂಕಿ ಚಿತ್ರಗಳನ್ನು ತಿರುಗಿ ನೋಡಿ ಕಲಿತ ಆತ, ಆ ಕಾಲದ ದೊಡ್ಡ ತಾರೆ ಲಿಲಿಯನ್ ಗಿಶ್‌ಳನ್ನೇ ಮಕ್ಕಳಿಗೆ ಆಸರೆಯಾಗುವ ಮುದುಕಿಯಾಗಿ ಕರೆತಂದ.

ಅಂಗಳದಲ್ಲಿ ಪಾದ್ರಿ ಕಾದು ಕುಳಿತು ಹಾಡುತ್ತಾನೆ. ಒಳಗೆ ಮುದುಕಿ ಬಂದೂಕು ತೊಡೆಯ ಮೇಲಿಟ್ಟುಕೊಂಡು ಅದೇ ಹಾಡಿಗೆ ದನಿ ಸೇರಿಸುತ್ತಾಳೆ, ಅವನು ಬಿಟ್ಟ ಯೇಸುವಿನ ಹೆಸರನ್ನು ತಾನು ತುಂಬುತ್ತ. ಕೊಲೆಗಾರನದೂ ಕಾಯುವವಳದೂ ಒಂದೇ ರಾಗ! ಸಿನಿಮಾದಲ್ಲಿ ಇದಕ್ಕಿಂತ ಚೆಂದದ ಜುಗಲ್ಬಂದಿಯನ್ನು ನಾನು ಕೇಳಿಲ್ಲ.

ಈ ಸಲ ಮಗಳೂ ಜೊತೆಗಿದ್ದಳು. ತೆರೆಯ ಮೇಲೆ ಹುಡುಗಿಯೊಬ್ಬಳು ಮೇಣದಬತ್ತಿ ತಂದಳು. ಬೆಳಕಿಗೆ ಹೊರಗಿನದು ಕಾಣದಾಯಿತು. ಮುದುಕಿ ಉಫ್ ಎಂದು ಆರಿಸಿದಳು. ಅಂಗಳ ಖಾಲಿ.

“ಎಲ್ಲಿ ಹೋದ?” ಎನ್ನುತ್ತ ಮಗಳು ನನ್ನ ಶಾಲಿನೊಳಗೆ ನುಸುಳಿದಳು.