ಎರಡೆಕರೆ ತೋಟ, ಇನ್ನೂರು ಗಂಟೆ

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ ನಡೆದದ್ದು 2023ರ ಫೆಬ್ರುವರಿ 27ರಂದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಇಳಿದದ್ದು ಅದೇ ವರ್ಷದ ಆಗಸ್ಟ್ 31ರಂದು. ಮೊದಲ ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ಅಂದು ಕಾಲೇಜು ತಪ್ಪಿಸಿ, ಸೈಕಲ್ ತುಳಿದುಕೊಂಡು ಹೋಗಿ, ರಸ್ತೆಬದಿಯಲ್ಲಿ ನಿಂತು ಆ ಎಟಿಆರ್ ವಿಮಾನ ಇಳಿಯುವುದನ್ನು ನೋಡಿದ. ರಾತ್ರಿ ಊಟಕ್ಕೆ ಕುಳಿತಾಗ, ತಾನು ಪೈಲಟ್ ಆಗುವವನೆಂದು ಹೇಳಿದ. ಆ ವಯಸ್ಸಿನಲ್ಲಿ ಎಲ್ಲರೂ ಏನಾದರೊಂದು ಹೇಳುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರು ಅಪ್ಪ.

ಎರಡು ವರ್ಷ ಕಳೆದರೂ ಮಾತು ಬದಲಾಗಲಿಲ್ಲ. 2025ರಲ್ಲಿ ಎರಡನೆಯ ಪಿಯುಸಿ ಮುಗಿಯಿತು. ಭೌತಶಾಸ್ತ್ರ, ಗಣಿತ ಎರಡರಲ್ಲೂ ಒಳ್ಳೆಯ ಅಂಕ. ಸುಮ್ಮನೆ ಕೂರಬಾರದೆಂದು ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಹೆಸರು ಹಚ್ಚಿದ್ದೂ ಆಯಿತು. ಆದರೆ ಮನೆಯ ಮೇಜಿನ ಮೇಲೆ ಬಂದು ಕುಳಿತದ್ದು ಎರಡು ಪ್ರಾಸ್ಪೆಕ್ಟಸ್. ಒಂದು ಅಮೆರಿಕದ ತರಬೇತಿ ಶಾಲೆಯದು. ನುಣುಪಾದ ಹಾಳೆ, ಮೋಡವಿಲ್ಲದ ಆಕಾಶ, ಹತ್ತೇ ತಿಂಗಳಲ್ಲಿ ಲೈಸೆನ್ಸ್ ಎಂಬ ಭರವಸೆ. ಇನ್ನೊಂದು ನಮ್ಮ ದೇಶದ ಶಾಲೆಯದು. ಅದರ ಕಾಗದವೂ ಸಾಧಾರಣ, ಅವಧಿಯ ಬಗ್ಗೆ ಅದು ಆಡುವ ಮಾತೂ ಅಷ್ಟಕ್ಕಷ್ಟೆ. ಮಳೆಗಾಲದಲ್ಲಿ ಮೋಡ, ಉತ್ತರದಲ್ಲಾದರೆ ಚಳಿಗಾಲದ ಮಂಜು, ವಿಮಾನ ಇದ್ದರೆ ಶಿಕ್ಷಕರಿಲ್ಲ, ಶಿಕ್ಷಕರಿದ್ದರೆ ವಿಮಾನ ರಿಪೇರಿಯಲ್ಲಿ. ಇಲ್ಲಿ ಒಂದೂವರೆ ವರ್ಷವೆಂದದ್ದು ಎರಡು ದಾಟುವುದೂ ಉಂಟು.

ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆಯಲು ವಯಸ್ಸು 18 ಆಗಿರಬೇಕು, 200 ಗಂಟೆ ಹಾರಿರಬೇಕು. ಆ ಇನ್ನೂರರಲ್ಲಿ ನೂರು ಗಂಟೆ ವಿಮಾನದ ಹೊಣೆ ಪೂರ್ತಿ ತನ್ನದೇ ಆಗಿರಬೇಕು. ಒಮ್ಮೆಯಾದರೂ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೊಮೀಟರ್ ದೂರದ ಯಾನ ಮಾಡಿ, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಬರಬೇಕು. ರಾತ್ರಿ ಹಾರಾಟ ಐದು ಗಂಟೆ. ಖರ್ಚು ಅಲ್ಲಾದರೂ ಇಲ್ಲಾದರೂ ಅರ್ಧ ಕೋಟಿಯ ಆಸುಪಾಸು. ಅದು ಮುಗಿದ ಮೇಲೆ ಏರ್‌ಬಸ್ಸೋ ಬೋಯಿಂಗೋ ಒಂದು ಜಾತಿಯ ವಿಮಾನವನ್ನು ನಡೆಸಲು ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ತರಬೇತಿ ಬೇರೆ. ಅದಕ್ಕೂ ಹಲವು ಲಕ್ಷ.

ಅಪ್ಪ ಅಡಿಕೆ ಬೆಳೆಗಾರರು. ಅಂಗಡಿಯ ಬಿಲ್ಲಿನ ಹಿಂಭಾಗದಲ್ಲಿ ಭಾಗಿಸಿ ನೋಡಿದರು. ಗಂಟೆಗೆ ಇಪ್ಪತ್ತೈದು ಸಾವಿರ ರೂಪಾಯಿ. ಎಂದರೆ ಮಗ ಒಂದು ಗಂಟೆ ಆಕಾಶದಲ್ಲಿದ್ದು ಬರುವಷ್ಟರಲ್ಲಿ ಇಲ್ಲಿ ಅರ್ಧ ಕ್ವಿಂಟಲ್ ಅಡಿಕೆ ಹತ್ತಿರ ಹತ್ತಿರ ಖಾಲಿ. ಬ್ಯಾಂಕಿಗೂ ಹೋಗಿಬಂದರು. ಇಷ್ಟು ದೊಡ್ಡ ಮೊತ್ತಕ್ಕೆ ಅಡಮಾನ ಬೇಕು. ಕೃಷಿ ಜಮೀನೆಂದರೆ ಮ್ಯಾನೇಜರು ಹಿಂದೆಮುಂದೆ ನೋಡಿದರು. ಉಳಿದ ದಾರಿ ಒಂದೇ: ಇರುವ ನಾಲ್ಕೆಕರೆಯಲ್ಲಿ ಹೊಳೆಯ ಕಡೆಗಿನ ಎರಡೆಕರೆ ಮಾರುವುದು. ಆ ಭಾಗದ ಸಸಿ ನೆಟ್ಟವರು ಹುಡುಗನ ಅಜ್ಜ. ಈ ವಿಷಯವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಇದ್ದದ್ದರಿಂದಲೇ ಅದು ಎಲ್ಲರಿಗೂ ಕೇಳಿಸುತ್ತಿತ್ತು.

ಹುಡುಗನ ಮನಸ್ಸು ಅಮೆರಿಕದ ಕಡೆಗಿತ್ತು. ಅಲ್ಲಿ ಕಲಿತು, ಅಲ್ಲೇ ಕೆಲಸಕ್ಕೆ ಸೇರಿ, ಐದು ವರ್ಷದಲ್ಲಿ ತೋಟವನ್ನು ವಾಪಸು ಕೊಂಡುಕೊಡುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದ. ಎಷ್ಟೋ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಪರದೇಶದಲ್ಲಿ ಹಾರಾಟ ಕಲಿಯುವುದು ಬೇರೆ, ಪರದೇಶದಲ್ಲಿ ಹಾರಾಟದ ಕೆಲಸ ಸಿಗುವುದು ಬೇರೆ. ವಿದ್ಯಾರ್ಥಿಗೆ ಸಿಗುವುದು ಓದುವ ವೀಸಾ, ದುಡಿಯುವ ವೀಸಾ ಅಲ್ಲ. ಸಾಲದ್ದಕ್ಕೆ, 2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೋ ಬಳಿ ವಿಮಾನವೊಂದು ಬಿದ್ದು 50 ಜನ ಸತ್ತ ಮೇಲೆ ಅಲ್ಲಿನ ಕಾಯ್ದೆ ಬಿಗಿಯಾಯಿತು. 2013ರಿಂದ ಅಲ್ಲಿ ಪ್ರಯಾಣಿಕ ವಿಮಾನದ ಸಹಪೈಲಟ್ ಆಗಬೇಕಾದರೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಬೇಕು. ಅಲ್ಲಿಯ ಹುಡುಗರು ಚಿಕ್ಕ ವಿಮಾನಗಳಲ್ಲಿ ಪಾಠ ಹೇಳಿಕೊಡುತ್ತ ವರ್ಷಗಟ್ಟಲೆ ಆ ಗಂಟೆಗಳನ್ನು ಕೂಡಿಸುತ್ತಾರೆ. ನಮ್ಮ ಹುಡುಗ ಇನ್ನೂರೈವತ್ತು ಗಂಟೆಯೊಡನೆ ಊರಿಗೆ ಮರಳುತ್ತಾನೆ. ಮರಳಿದ ಮೇಲೆ ಆ ಲೈಸೆನ್ಸ್ ನೇರವಾಗಿ ಇಲ್ಲಿ ನಡೆಯುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ಪರೀಕ್ಷೆ ಪಾಸು ಮಾಡಿ, ಇಲ್ಲಿನ ವೈದ್ಯಕೀಯ ತಪಾಸಣೆ ಮುಗಿಸಿ, ಹಾರಿ ತೋರಿಸಿ ಅದನ್ನು ಭಾರತದ ಲೈಸೆನ್ಸ್ ಮಾಡಿಸಿಕೊಳ್ಳಬೇಕು. ಪ್ರಾಸ್ಪೆಕ್ಟಸ್‌ನಲ್ಲಿ ಇದು ಇರಲಿಲ್ಲವೆಂದಲ್ಲ, ಅಕ್ಷರ ಸಣ್ಣದಿತ್ತು.

ಇಂಥ ಸಮಯದಲ್ಲಿ ದೀಪಾವಳಿಗೆ ಸೋದರಮಾವ ಬಂದರು. ಗಲ್ಫ್‌ನ ದೊಡ್ಡ ವಿಮಾನ ಸಂಸ್ಥೆಯೊಂದರಲ್ಲಿ ಕ್ಯಾಪ್ಟನ್. ಊರಿನವರ ಬಾಯಲ್ಲಿ ಅವರ ಸಂಬಳ ವರ್ಷವರ್ಷವೂ ಏರುತ್ತಿರುತ್ತದೆ, ಸಂಸ್ಥೆ ಏರಿಸಲಿ ಬಿಡಲಿ. ರಾತ್ರಿ ಅಂಗಳದ ದೀಪದ ಕೆಳಗೆ ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಜಗಲಿಯ ಮೇಲೆ ಮಾತು ಶುರುವಾಯಿತು.

"ಮಾವ, ನೀವು ಮೊದಲೇ ನೇರವಾಗಿ ಅಲ್ಲಿಗೆ ಹೋಗಬಹುದಿತ್ತಲ್ಲ?"

"ಯಾರು ಕರೆಯುತ್ತಿದ್ದರು?" ಎಂದರು ಮಾವ. "ನಾನು ಜಕ್ಕೂರಿನಲ್ಲಿ ಕಲಿತವನು. ಲೈಸೆನ್ಸ್ ಬಂದ ಮೇಲೆ ಮೂರು ವರ್ಷ ಟ್ಯೂಷನ್ ಹೇಳಿಕೊಂಡಿದ್ದೆ. ನಿಮ್ಮಮ್ಮನನ್ನು ಕೇಳು."

ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1949ರದು. ಮಾವ ಅಲ್ಲಿಂದ ಹೊರಬಿದ್ದಾಗ ದೇಶದಲ್ಲಿ ವಿಮಾನ ಸಂಸ್ಥೆಗಳೇ ಕೆಲವು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿ ಕಡಿಮೆ ದರದ ಹಾರಾಟಕ್ಕೆ ದಾರಿ ತೋರಿದ ಮೇಲೆ ಹೊಸ ಸಂಸ್ಥೆಗಳು ಒಂದರ ಹಿಂದೊಂದು ಬಂದವು, ಪೈಲಟ್‌ಗಳಿಗೆ ಬೇಡಿಕೆ ಬಂತು. ಮಾವನಿಗೂ ಒಂದು ಕಡೆ ಕೆಲಸವಾಯಿತು. ಹಾರಾಟ ಸಾವಿರ ಗಂಟೆಗಳ ಲೆಕ್ಕಕ್ಕೆ ಬಂದು, ಕ್ಯಾಪ್ಟನ್ ಪಟ್ಟಿಯೂ ಬಂದು, ಸಾಲ ತೀರಿತು ಎನ್ನುವ ಹೊತ್ತಿಗೆ ಆ ಸಂಸ್ಥೆ ಬಾಗಿಲು ಹಾಕಿತು. ಆಗ ಗಲ್ಫ್‌ನವರು ಕರೆದರು. ಕರೆದದ್ದು ಮಾವನನ್ನಲ್ಲ, ಮಾವನ ಲಾಗ್‌ಬುಕ್ಕನ್ನು. ಆ ಪುಸ್ತಕ ತುಂಬಿದ್ದು ಹುಬ್ಬಳ್ಳಿ, ಮಂಗಳೂರು, ಕೊಚ್ಚಿ, ಗೋವಾ ಎಂದು ದಿನಕ್ಕೆ ನಾಲ್ಕು ಸಲ ಏರಿ ಇಳಿದದ್ದರಿಂದ.

ಅಪ್ಪನಿಗೆ ಬೇಕಾದದ್ದು ದುಡ್ಡಿನ ಸಂಗತಿ. ಮಾವ ಮುಚ್ಚುಮರೆ ಮಾಡಲಿಲ್ಲ. ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. ಮನೆ ಸಂಸ್ಥೆಯದು, ಮಕ್ಕಳ ಶಾಲೆಯ ಫೀಸಿಗೂ ಅವರೇ ಕೊಡುತ್ತಾರೆ. ಆದರೆ ಆ ದೇಶದಲ್ಲಿ ಇರುವ ಹಕ್ಕು ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಕೆಲವೇ ವಾರಗಳಲ್ಲಿ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು. 2020ರಲ್ಲಿ ಕೊರೊನಾ ಬಂದು ಆಕಾಶ ಖಾಲಿಯಾದಾಗ ಗಲ್ಫ್‌ನ ಸಂಸ್ಥೆಗಳು ಪೈಲಟ್‌ಗಳನ್ನು ಮನೆಗೆ ಕಳುಹಿಸಿದವು. ಮಾವನ ಎದುರುಮನೆಯಾತ ಸೋಫಾ, ಫ್ರಿಜ್, ಮಕ್ಕಳ ಸೈಕಲ್ಲು ಎಲ್ಲವನ್ನೂ ಬಂದ ಬೆಲೆಗೆ ಕೊಟ್ಟು ಹೊರಟ. ಮಾವನ ಕೆಲಸ ಉಳಿಯಿತು. ಏಕೆ ಉಳಿಯಿತೆಂದು ಅವರಿಗೂ ತಿಳಿಯದು.

"ರಾತ್ರಿ ಕೊಲಂಬೊ ಕಡೆಗೋ ಸಿಂಗಪುರದ ಕಡೆಗೋ ಹೋಗುವಾಗ ಒಮ್ಮೊಮ್ಮೆ ನಮ್ಮ ಘಟ್ಟದ ಮೇಲೇ ದಾರಿ ಬೀಳುತ್ತದೆ" ಎಂದರು ಮಾವ. "ಮೋಡವಿಲ್ಲದಿದ್ದರೆ ದೀಪ ಕಾಣುತ್ತದೆ. ಸಮುದ್ರದ ಅಂಚು, ಆಮೇಲೆ ಕತ್ತಲೆ, ಆಮೇಲೆ ಶಿವಮೊಗ್ಗ. ಇಲ್ಲೇ ಎಲ್ಲೋ ಅಕ್ಕ ಮಲಗಿದ್ದಾಳೆ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ದಾಟಿಹೋಗಿರುತ್ತದೆ."

"ಇಷ್ಟು ಹತ್ತಿರ ಬಂದರೂ ಒಂದು ಫೋನ್ ಮಾಡಬಾರದೇನೋ?" ಎಂದರು ಅಮ್ಮ ಅಂಗಳದಿಂದ.

ಎಲ್ಲರೂ ನಕ್ಕರು. ಮಾವ ಸ್ವಲ್ಪ ತಡವಾಗಿ ನಕ್ಕರು.

"ಹಾಗಾದರೆ ಇಲ್ಲೇ ವಾಸಿ ಅನ್ನು" ಎಂದರು ಅಪ್ಪ.

"ಅದನ್ನೂ ಹೇಳಲಾರೆ ಭಾವ. ಇಲ್ಲಿಯದು ನಿಮಗೆ ಗೊತ್ತಿಲ್ಲವೇ?"

ಗೊತ್ತಿಲ್ಲದ್ದೇನು! ಕಿಂಗ್‌ಫಿಷರ್ ಹಾರಾಟ ನಿಂತದ್ದು 2012ರ ಅಕ್ಟೋಬರಿನಲ್ಲಿ, ಜೆಟ್ ಏರ್‌ವೇಸ್ ನಿಂತದ್ದು 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಗೋ ಫಸ್ಟ್ ನಿಂತ ವರ್ಷವೇ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೊ 500 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದ್ದವು. ಒಂದೇ ವರ್ಷದಲ್ಲಿ ಒಂದು ಮನೆಯಲ್ಲಿ ಮದುವೆ, ಪಕ್ಕದ ಮನೆಯಲ್ಲಿ ಸೂತಕ. ಅಷ್ಟು ವಿಮಾನಗಳು ಒಂದೇ ದಿನ ಬಂದಿಳಿಯುವುದಿಲ್ಲ, ವರ್ಷಗಟ್ಟಲೆ ಬರುತ್ತವೆ. ಇನ್ನೂರು ಗಂಟೆಯ ಹುಡುಗರ ಸಾಲು ಮಾತ್ರ ಈಗಾಗಲೇ ಉದ್ದವಿದೆ. ಸೇರಿದವರಿಗೂ ಕಟ್ಟುಪಾಡು ಕಡಿಮೆಯಿಲ್ಲ. 2017ರ ನಿಯಮದಂತೆ ಕೆಲಸ ಬಿಡಲು ಕ್ಯಾಪ್ಟನ್ ಒಂದು ವರ್ಷ, ಸಹಪೈಲಟ್ ಆರು ತಿಂಗಳು ಮುಂಚೆ ತಿಳಿಸಬೇಕು. ದಣಿವಿನ ವಿಷಯ ಬೇರೆಯೇ ಇದೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ ನಿಯಮ ಬಂದದ್ದೇ 2025ರಲ್ಲಿ.

ಆದರೂ ಒಂದು ಮಾತಿದೆ. ಸ್ವದೇಶಿ ಸಂಸ್ಥೆ ಸೇರಿದವನು ಜನ್ಮವಿಡೀ ಬೆಂಗಳೂರು-ಹುಬ್ಬಳ್ಳಿ ನಡುವೆಯೇ ಸುತ್ತಬೇಕೆಂದೇನೂ ಇಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮಾರ್ಗವಾಗಿ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನವೊಂದು ಬಂತು. ನಡೆಸಿದವರೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಮನೆಯಲ್ಲಿ ಹೆಣ್ಣುಮಗಳೊಬ್ಬಳು ಇದೇ ಪ್ರಾಸ್ಪೆಕ್ಟಸ್ ಹಿಡಿದುಕೊಂಡು ಕುಳಿತಿದ್ದರೆ, ಅವಳ ತಂದೆತಾಯಿಗಳೂ ಇದನ್ನು ನೆನಪಿಡಬಹುದು.

ಸುಲಿಯುವವರು ಎದ್ದುಹೋದ ಮೇಲೆ ಮಾವ ಕೆಲಸದ ಮಾತಿಗೆ ಬಂದರು. ಅಮೆರಿಕ, ಭಾರತ ಎಂಬುದು ಆಮೇಲಿನ ಪ್ರಶ್ನೆ. ಮೊದಲು ಹತ್ತಿರದ ಮಾನ್ಯತೆ ಪಡೆದ ವೈದ್ಯರಲ್ಲಿ ಕ್ಲಾಸ್ ಟು, ಆಮೇಲೆ ಬೆಂಗಳೂರಿನಲ್ಲಿ ಕ್ಲಾಸ್ ಒನ್ ವೈದ್ಯಕೀಯ ತಪಾಸಣೆ. ಕಣ್ಣು, ಕಿವಿ, ಹೃದಯ, ಬಣ್ಣ ಗುರುತಿಸುವ ಶಕ್ತಿ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಕನ್ನಡಕ ಇದ್ದರೆ ದೋಷವಲ್ಲ, ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಯಿದ್ದರೆ ಆಯಿತು. ಆದರೆ ಬಣ್ಣಗುರುಡು ಇದೆಯೆಂದು ಅರ್ಧ ಕೋಟಿ ಕಟ್ಟಿದ ಮೇಲೆ ತಿಳಿದರೆ ಅಳುವುದಕ್ಕೂ ಆಗುವುದಿಲ್ಲ. ತಪಾಸಣೆ ಒಮ್ಮೆಗೆ ಮುಗಿಯುವುದೂ ಇಲ್ಲ; ಕೆಲಸವಿರುವಷ್ಟು ವರ್ಷವೂ ಅದು ಮತ್ತೆ ಮತ್ತೆ ಬರುತ್ತದೆ.

ಆಮೇಲೆ ಡಿಜಿಸಿಎ ಪರೀಕ್ಷೆ: ನ್ಯಾವಿಗೇಷನ್, ಹವಾಮಾನ, ನಿಯಮಗಳು, ವಿಮಾನದ ತಾಂತ್ರಿಕ ವಿಷಯ. ಪಾಸಾಗಲು ನೂರಕ್ಕೆ ಎಪ್ಪತ್ತು ಬೇಕು. ಓದುವುದಕ್ಕೆ ತೋಟ ಮಾರಬೇಕಿಲ್ಲ. ಪುಸ್ತಕದ ಖರ್ಚು, ಬೇಕೆಂದರೆ ಕೋಚಿಂಗ್ ಫೀಸು, ಅಷ್ಟೆ. ಎಲ್ಲಿ ಕಲಿತು ಬಂದರೂ ಇಲ್ಲಿ ಹಾರಲು ಇದರ ಕೈಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಹತ್ತು ತಿಂಗಳಲ್ಲಿ ಲೈಸೆನ್ಸ್ ತಂದು, ಇಲ್ಲಿ ಒಂದೇ ಪೇಪರಿಗಾಗಿ ಎರಡು ವರ್ಷ ಕುಳಿತವರನ್ನು ಮಾವ ಕಂಡಿದ್ದರು.

"ಪೇಪರುಗಳು ಪಾಸಾಗಲಿ, ಆಮೇಲೆ ಬೇಕಾದರೆ ಫ್ಲೋರಿಡಾಕ್ಕೇ ಹೋಗಿ ಕಲಿಯಲಿ. ಆದರೆ ಮರಳಿ ಬರುವವನೆಂದು ತಿಳಿದುಕೊಂಡು ಹೋಗಲಿ. ಮೊದಲ ಮೂರು ಸಾವಿರ ಗಂಟೆ ಇಲ್ಲಿ ಹಾರಲಿ. ಅಷ್ಟಾದ ಮೇಲೆ ಗಲ್ಫಿಗೆ ಹೋಗುವುದೋ ಬೇಡವೋ, ಅದನ್ನು ಅವನ ಹೆಂಡತಿಯನ್ನು ಕೇಳಿಕೊಳ್ಳಲಿ."

"ನೀನು ಕೇಳಿದ್ದೆಯಾ?" ಎಂದರು ಅಮ್ಮ.

ಮಾವ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮಗ್ನರಾಗಿದ್ದರು.

ಹುಡುಗನಿಗೆ ಈ ತೀರ್ಮಾನ ಹಿಡಿಸಲಿಲ್ಲ. ಹದಿನೆಂಟರ ವಯಸ್ಸಿಗೆ ಮೂರು ಸಾವಿರ ಗಂಟೆ ಮೂರು ಜನ್ಮದಂತೆ ಕೇಳಿಸುತ್ತದೆ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಮಾವನ ಜೊತೆ ಬೆಂಗಳೂರಿನ ಬಸ್ಸು ಹತ್ತಿ, ಹಳೆಯ ಪುಸ್ತಕದಂಗಡಿಯಿಂದ ಹವಾಮಾನಶಾಸ್ತ್ರದ ಪುಸ್ತಕ ತಂದ.

2025ರ ಡಿಸೆಂಬರಿನಲ್ಲಿ, ವಿಶ್ರಾಂತಿಯ ಹೊಸ ನಿಯಮಕ್ಕೆ ಹೊಂದಿಕೊಳ್ಳಲಾಗದೆ ದೇಶದಲ್ಲಿ ಸಾವಿರಾರು ವಿಮಾನಯಾನಗಳು ರದ್ದಾದ ಸುದ್ದಿಯನ್ನು ಅಪ್ಪ ಪತ್ರಿಕೆಯಲ್ಲಿ ಎರಡು ಸಲ ಓದಿದರು. ಪೈಲಟ್‌ಗಳು ಸಾಲುತ್ತಿಲ್ಲ ಎಂದರೆ ಮಗನಿಗೆ ಒಳ್ಳೆಯದೋ ಕೆಟ್ಟದ್ದೋ ಅವರಿಗೆ ಹೊಳೆಯಲಿಲ್ಲ. ಎರಡೆಕರೆಗೆ ಗಿರಾಕಿಯೊಬ್ಬ ಬಂದು ಕುಳಿತಿದ್ದ. ಯುಗಾದಿ ಕಳೆದ ಮೇಲೆ ಬಾ ಎಂದು ಕಾಫಿ ಕೊಟ್ಟು ಕಳುಹಿಸಿದರು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಪಶ್ಚಿಮದ ಕಡೆ ಮೋಡ ಕಟ್ಟುತ್ತಿತ್ತು.

"ಇದು ಸುರಿಯುವ ಮೋಡವೇನೋ?" ಎಂದರು ಅಪ್ಪ.

ಹುಡುಗ ಪುಸ್ತಕವನ್ನು ಮಡಿಚಿ ಹೊರಗೆ ಬಂದು ನೋಡಿದ. ಬುಡ ಚಪ್ಪಟೆ, ತಲೆ ಇನ್ನೂ ಮೇಲಕ್ಕೆ ಬೆಳೆಯುತ್ತಿದೆ.

"ಟಾರ್ಪಾಲು ತೆಗೀರಿ ಅಪ್ಪ" ಎಂದ.