ಕುರುಡುಗಣ್ಣೂ ಜಾಣಕುರುಡೂ

ಇಂಗ್ಲಿಷ್ ನುಡಿಗಟ್ಟುಗಳನ್ನು ಪದಶಃ ಕನ್ನಡಿಸಿ ಬಾಯಿಪಾಠ ಮಾಡಿಸುವ ಕ್ರಮ ನನಗೆಂದೂ ಒಪ್ಪಿಗೆಯಾಗಿಲ್ಲ. ಹಳ್ಳಿಯಿಂದ ಬಂದ ಹುಡುಗನ ಅಂಜಿಕೆ ಅದರಿಂದ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ‘ಟರ್ನ್ ಎ ಬ್ಲೈಂಡ್ ಐ’ ಎಂಬುದನ್ನೇ ನೋಡಿ. ‘ಕುರುಡುಗಣ್ಣು ತಿರುಗಿಸು’ ಎಂದರೆ ಅವನಿಗೆ ಏನು ತಿಳಿದೀತು? ಕಂಡೂ ಕಾಣದಂತಿರುವುದೆಂದು ಅದರ ಅರ್ಥ.

ಈ ಮಾತಿನೊಡನೆ ಬೆಸೆದುಕೊಂಡಿರುವುದು ಆಂಗ್ಲ ನೌಕಾಧಿಪತಿ ನೆಲ್ಸನ್ನನ ಕಥೆ. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿ ಮುತ್ತಿಗೆಯಲ್ಲಿ ಆತನ ಬಲಗಣ್ಣಿನ ದೃಷ್ಟಿ ನಷ್ಟವಾಯಿತು. 1801ರ ಕೋಪನ್‌ಹೇಗನ್ ಕದನದಲ್ಲಿ ಮೇಲಧಿಕಾರಿ ಹೈಡ್ ಪಾರ್ಕರನು ಯುದ್ಧ ನಿಲ್ಲಿಸುವಂತೆ ಸಂಕೇತವೇರಿಸಿದಾಗ, ಆತ ದುರ್ಬೀನನ್ನು ಆ ಕಣ್ಣಿಗೇ ಹಿಡಿದು, ತನಗೇನೂ ಕಾಣದೆಂದನಂತೆ. ಕದನ ಮುಂದುವರಿಯಿತು, ಗೆಲುವೂ ದೊರೆಯಿತು. (ಸೋತಿದ್ದರೆ ಕಥೆಯ ಧಾಟಿಯೇ ಬೇರೆಯಾಗುತ್ತಿತ್ತೇನೋ!)

ನಮ್ಮಲ್ಲಿ ಇದಕ್ಕೆ ‘ಜಾಣಕುರುಡು’ ಎಂಬ ಸೊಗಸಾದ ಮಾತಿದೆ. ನೆಲ್ಸನ್ನನ ಕುರುಡಾದರೂ ನಿಜವಾದದ್ದು. ನಮ್ಮ ಜಾಣನದು ಬರಿಯ ಸೋಗು. ಎರಡನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು ಅಂತರವೇನೆಂದು ಕೇಳಿದರೆ, ಹಿಂದಿನ ಸಾಲಿನ ಹುಡುಗನೂ ಕೈಯೆತ್ತುತ್ತಾನೆ.