ಎದುರಾಳಿಯನ್ನು ಅರಿಯುವ ಬಗೆ

ಗೂಢಚಾರ ಎಂಬ ಮಾತು ಕಿವಿಗೆ ಬಿದ್ದೊಡನೆ, ವೇಷ ಮರೆಸಿಕೊಂಡು ಶತ್ರುವಿನ ಕೋಟೆಯನ್ನು ಹೊಕ್ಕವನ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಇಂಥವರ ನೇಮಕಕ್ಕೆಂದೇ ಪ್ರತ್ಯೇಕ ಅಧ್ಯಾಯಗಳುಂಟು. ಆದರೆ ಎದುರಾಳಿಯ ಕಣ್ಣೆದುರಿಗೇ ಕುಳಿತು ಅವನ ಬಲಾಬಲಗಳನ್ನು ಬರೆದುಕೊಳ್ಳುವ, ಸಂದೇಹ ಬಂದರೆ ಅವನನ್ನೇ ಕೇಳಿ ತಿಳಿಯುವ ಬೇಹುಗಾರಿಕೆಯೊಂದಿದೆ. ವಿದ್ಯಾರ್ಥಿಗಳ ರೋಬಾಟ್ ಸ್ಪರ್ಧೆಗಳಲ್ಲಿ ಅದನ್ನು ಕಾಣಬಹುದು.

ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೊದಲ ರೋಬಾಟ್ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಒಂದು ಪ್ರೌಢಶಾಲೆಯ ವ್ಯಾಯಾಮಾಂಗಣದಲ್ಲಿ ನಡೆದಾಗ ಬಂದಿದ್ದ ತಂಡಗಳು 28. ಇಂದು ಹಲವು ದೇಶಗಳ ಸಾವಿರಾರು ತಂಡಗಳು ಭಾಗವಹಿಸುತ್ತವೆ.

ಈ ಆಟದ ಕಟ್ಟಳೆ ವಿಚಿತ್ರವಾದುದು. ಕೆಂಪು ಬಣದಲ್ಲಿ 3, ನೀಲಿ ಬಣದಲ್ಲಿ 3 ಯಂತ್ರಗಳು. ಪಂದ್ಯದ ಅವಧಿ ಸುಮಾರು ಎರಡೂವರೆ ನಿಮಿಷ. ಪ್ರಾಥಮಿಕ ಪಂದ್ಯಗಳಲ್ಲಿ ಬಣಗಳು ಪ್ರತಿ ಬಾರಿಯೂ ಬದಲಾಗುತ್ತವೆ. ಬೆಳಗ್ಗೆ ಢಿಕ್ಕಿ ಹೊಡೆದವನು ಮಧ್ಯಾಹ್ನ ಜೊತೆಗಾರನಾಗುತ್ತಾನೆ. ಕೊನೆಗೆ ಮುಂಚೂಣಿಯ ತಂಡಗಳ ನಾಯಕರು ಎಲ್ಲರೆದುರು ನಿಂತು, ಅಂತಿಮ ಸುತ್ತುಗಳಿಗೆ ತಮ್ಮ ಜೊತೆಗಾರರನ್ನು ಆರಿಸಿಕೊಳ್ಳಬೇಕು. ಯಾರನ್ನು ಆರಿಸುವುದು?

ಅದಕ್ಕಾಗಿಯೇ ಗ್ಯಾಲರಿಯಲ್ಲಿ ಆರು ಮಂದಿ ವಿದ್ಯಾರ್ಥಿಗಳು ಸಾಲಾಗಿ ಕುಳಿತಿರುತ್ತಾರೆ. ಒಬ್ಬೊಬ್ಬರ ಪಾಲಿಗೆ ಒಂದೊಂದೇ ಯಂತ್ರ. ಆರಂಭದ ಕ್ಷಣಗಳಲ್ಲಿ, ಮನುಷ್ಯನ ನಿಯಂತ್ರಣವಿಲ್ಲದೆ ತಾನಾಗಿ ಚಲಿಸಬೇಕಾದಾಗ, ಅದು ಚಲಿಸಿತೆ? ಎಷ್ಟು ಬಾರಿ ಗುರಿ ಮುಟ್ಟಿತು, ಎಷ್ಟು ಬಾರಿ ತಪ್ಪಿತು? ನಡುವೆ ಕೆಟ್ಟು ನಿಂತಿತೆ? ಕೆಲಸ ಸುಲಭವೆಂದು ತೋರಬಹುದು. ಆದರೆ ಜನಸ್ತೋಮವೆಲ್ಲ ಅಂಗಣದ ಆ ತುದಿಯ ಯಂತ್ರವೊಂದನ್ನು ನೋಡಿ ಕೇಕೆ ಹಾಕುತ್ತಿರುವಾಗ, ಮೂಲೆಯಲ್ಲಿ ತೆವಳುವ ಯಂತ್ರವೊಂದರ ಮೇಲೆಯೇ ಕಣ್ಣು ನೆಟ್ಟಿರುವುದು ಸಾಮಾನ್ಯವಾದ ಸಂಯಮವಲ್ಲ. ಅಂದಾಜಿನಿಂದ ಬರೆದ ಒಂದು ಅಂಕಿ ತನ್ನ ತಂಡವನ್ನೇ ಮೋಸಗೊಳಿಸೀತು.

ಯಂತ್ರವನ್ನು ದುರಸ್ತಿ ಮಾಡುವ ಬಿಡಾರಕ್ಕೆ ಹೋಗಿ ವಿಚಾರಿಸುವುದೂ ಉಂಟು. ಉತ್ತರ ದೊರೆಯುತ್ತದೆ, ಆದರೆ ಹೆತ್ತವರಿಗೆ ಹೆಗ್ಗಣ ಮುದ್ದಲ್ಲವೆ? ಎಂಟು ಬಾರಿ ಗುರಿ ಮುಟ್ಟುತ್ತದೆ ಎಂದು ಹೆಮ್ಮೆಯಿಂದ ಹೇಳಿದ ಯಂತ್ರ ಅಂಗಣದಲ್ಲಿ ಮೂರು ಬಾರಿ ಮುಟ್ಟಿರುತ್ತದೆ. ಹೇಳಿದವರು ಸುಳ್ಳರಲ್ಲ, ಆಶಾವಾದಿಗಳು. ಆದ್ದರಿಂದ ಕೇಳಿದ್ದನ್ನೂ ಕಂಡದ್ದನ್ನೂ ಬೇರೆಬೇರೆಯಾಗಿ ಬರೆದಿಡುವುದೇ ಲೇಸು.

ಇಷ್ಟೆಲ್ಲ ಶ್ರಮವೇಕೆ, ಶ್ರೇಯಾಂಕದ ಪಟ್ಟಿಯೊಂದು ಸಾಲದೆ ಎಂದು ಕೇಳಬಹುದು. ಸಾಲದು. ಪ್ರಾಥಮಿಕ ಪಂದ್ಯಗಳ ಜೊತೆಗಾರರನ್ನು ಯಾರೂ ತಾವಾಗಿ ಆರಿಸಿಕೊಂಡವರಲ್ಲ. ಸಮರ್ಥ ಯಂತ್ರವೊಂದು ದುರ್ಬಲರ ಜೊತೆಗೇ ಮತ್ತೆ ಮತ್ತೆ ಬಿದ್ದು ಪಟ್ಟಿಯ ತಳಕ್ಕೆ ಕುಸಿಯಬಹುದು. ಸಾಧಾರಣವಾದದ್ದು ಸಮರ್ಥರ ಹೆಗಲೇರಿ ಮೇಲೆ ಬರಬಹುದು. ಪಟ್ಟಿ ಬಣದ ಗೆಲುವನ್ನು ತೋರುತ್ತದೆ. ಆ ಗೆಲುವಿನಲ್ಲಿ ಯಾರ ದುಡಿಮೆ ಎಷ್ಟು ಎಂಬುದನ್ನು ನೋಡಿದವರೇ ಹೇಳಬೇಕು.

ಸದಸ್ಯರು ಕಡಮೆಯಿರುವ ತಂಡಗಳು ಒಟ್ಟುಗೂಡಿ ಒಂದೇ ದಫ್ತರ ಇಡುವುದೂ ಇದೆ. ಸೆಣಸುತ್ತಲೇ ಸೌಜನ್ಯ ಬಿಡದಿರುವ ನಡತೆಯನ್ನು ಈ ಸ್ಪರ್ಧೆಗಳಲ್ಲಿ ಪ್ರಚುರಪಡಿಸಿದವರು ಎಂ.ಐ.ಟಿ.ಯ ಪ್ರಾಧ್ಯಾಪಕ ವುಡಿ ಫ್ಲವರ್ಸ್. ಅವರು 2019ರಲ್ಲಿ ತೀರಿಕೊಂಡರು.

ಆಯ್ಕೆಯ ಹೊತ್ತಿಗೆ ಸಭಾಂಗಣ ನಿಶ್ಶಬ್ದವಾಗುತ್ತದೆ. ನಾಯಕಿಯೊಬ್ಬಳು ಕೈಯ ಹಾಳೆಯನ್ನು ಮತ್ತೊಮ್ಮೆ ನೋಡಿ, ಪಟ್ಟಿಯ ಕೆಳಭಾಗದಲ್ಲಿರುವ ತಂಡವೊಂದರ ಸಂಖ್ಯೆಯನ್ನು ಕೂಗುತ್ತಾಳೆ. ಯಂತ್ರವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬತೊಡಗಿದ್ದ ಹುಡುಗರು, ಕೂಗಿದ್ದು ತಮ್ಮ ಸಂಖ್ಯೆಯೇ ಹೌದೆ ಎಂದು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.